ಮಕ್ಕಳಿಗೆ ಹೇಳತಕ್ಕ ಮಾತು

ದಂಪತಿಗಳು ಅಗಲುವುದು ಯುಕ್ತವೋ ಅಯುಕ್ತವೋ ಎಂಬ ಚರ್ಚೆಯು ಬಹುಕಾಲದಿಂದ ನಡೆದುಬಂದಿದೆ. ಅಗಲಿದ ಮೇಲೆ ಅವರ ಮಕ್ಕಳಿಗೆ ಏನನ್ನು ಹೇಳಬೇಕು, ಎಷ್ಟನ್ನು ಹೇಳಬೇಕು ಎಂಬುದಾದರೋ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಮಗುವಿಗೇನು ತಿಳಿದೀತು ಎಂಬ ಉಪೇಕ್ಷೆಯೇ ಇದಕ್ಕೆ ಕಾರಣ.

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಸ್ಥಳದಲ್ಲಿ ಈ ಉಪೇಕ್ಷೆಗೆ ಎಡೆಯೇ ಇಲ್ಲ. ತಾಯಿಯು ಮಗುವಿನೊಡನೆ ತವರಿಗೆ ಬಂದು ಎರಡು ಹಬ್ಬ ಕಳೆದುವೆಂದರೆ ಜಗಲಿಯ ಮೇಲೂ ಹಾಲಿನ ಡೈರಿಯ ಮುಂದೂ ಅದೇ ಮಾತು. ಮನೆಯಲ್ಲಿ ಮಾತ್ರ, "ಅಪ್ಪ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ, ಹಬ್ಬಕ್ಕೆ ಬರುತ್ತಾನೆ" ಎಂಬ ಸಮಾಧಾನ. ಹಬ್ಬ ಬರುತ್ತದೆ, ಅಪ್ಪ ಬಾರನು. ಕೊನೆಗೆ ಶಾಲೆಯಲ್ಲಿ ಜೊತೆಯ ಹುಡುಗನು ಹಂಗಿಸಿ ಆಡಿದ ಮಾತಿನಿಂದ ಮಗುವಿಗೆ ನಿಜವು ತಿಳಿಯುತ್ತದೆ. ಆಗ ಅದು ತಂದೆಯ ಸಹವಾಸವನ್ನಲ್ಲದೆ ತಾಯಿಯ ಮಾತಿನ ಮೇಲಣ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಮೊದಲನೆಯ ನಷ್ಟವು ಅನಿವಾರ್ಯವಾಗಿದ್ದೀತು. ಎರಡನೆಯದು ಹಿರಿಯರು ತಂದಿತ್ತದ್ದು. ಇದಕ್ಕಿಂತ ಘೋರವಾದುದು ಇನ್ನೊಂದುಂಟು. ಕಾರಣವನ್ನು ಯಾರೂ ಹೇಳದಿದ್ದರೆ ಮಗುವು ತಾನೇ ಹುಡುಕುತ್ತದೆ. ಅನೇಕ ವೇಳೆ ತನ್ನ ಹಟದಲ್ಲಿಯೋ ತುಂಟತನದಲ್ಲಿಯೋ ಅದನ್ನು ಕಂಡುಕೊಳ್ಳುತ್ತದೆ.

ಹಾಗಾದರೆ ಇದ್ದುದೆಲ್ಲವನ್ನೂ ಹೇಳಿಬಿಡಬೇಕೆ? ಇಲ್ಲಿ ಸಂಗತಿಯು ಬೇರೆ, ತೀರ್ಪು ಬೇರೆ. "ಅಪ್ಪ ಅವ್ವ ಇನ್ನು ಒಂದು ಮನೆಯಲ್ಲಿರುವುದಿಲ್ಲ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ಇಂಥ ದಿನ ಅಪ್ಪನನ್ನು ನೋಡಬಹುದು" ಎಂಬುದು ಸಂಗತಿ. "ನಿಮ್ಮಪ್ಪ ಇಂಥವನು" ಎಂಬುದು ತೀರ್ಪು. ಸಂಗತಿಯನ್ನು ತಿಳಿಯುವ ಹಕ್ಕು ಮಗುವಿಗಿದೆ. ತೀರ್ಪನ್ನು ಹೊರುವ ಋಣವು ಅದಕ್ಕಿಲ್ಲ.

ಕಾನೂನು ಸಹ ಈ ವಿಷಯದಲ್ಲಿ ತಕ್ಕಮಟ್ಟಿಗೆ ಸೂಕ್ಷ್ಮವಾಗಿಯೇ ನಡೆದಿದೆ. ಹಲವು ಜಾತಿಗಳಲ್ಲಿ ಪಂಚಾಯಿತಿಯ ಎದುರಿಗೆ ಬಿಡುಗಡೆಯಾಗುವ ರೂಢಿಯು ಹಿಂದಿನಿಂದಲೂ ಇತ್ತು. 1955ರ ಹಿಂದೂ ವಿವಾಹ ಶಾಸನವು ಆ ರೂಢಿಯನ್ನು ಅಳಿಸದೆ, ವಿಚ್ಛೇದನಕ್ಕೆ ನ್ಯಾಯಾಲಯದ ದಾರಿಯನ್ನೂ ತೆರೆಯಿತು. 1976ರ ತಿದ್ದುಪಡಿಯಿಂದ ಪರಸ್ಪರ ಸಮ್ಮತಿಯ ವಿಚ್ಛೇದನವೂ ಬಂದಿತು. ಮಗುವು ಯಾರ ಬಳಿ ಇರಬೇಕೆಂಬ ಪ್ರಶ್ನೆಯಲ್ಲಿ, ವಿವೇಚಿಸಬಲ್ಲ ವಯಸ್ಸಾಗಿದ್ದರೆ ಅದರ ಇಷ್ಟವನ್ನು ನ್ಯಾಯಾಧೀಶರು ಗಮನಿಸಬಹುದೆಂದು 1890ರ ಪಾಲಕರ ಶಾಸನವು ಹೇಳಿತು. ಗಮನಿಸಬಹುದು, ಅಷ್ಟೆ, ನಿರ್ಣಯದ ಭಾರವು ನ್ಯಾಯಾಧೀಶರದು. ನಂಟರಿಗಾದರೋ ಈ ಸಂಕೋಚವಿಲ್ಲ. ಮದುವೆಯ ಪಂಕ್ತಿಯಲ್ಲಿ ಕುಳಿತು, ಹತ್ತು ಜನರ ಮುಂದೆ, "ನಿನಗೆ ಅಪ್ಪ ಬೇಕೋ ಅವ್ವ ಬೇಕೋ?" ಎಂದು ಕೇಳುತ್ತಾರೆ! ಯಾವ ಉತ್ತರವನ್ನು ಕೊಟ್ಟರೂ ಮಗುವು ಒಬ್ಬರಿಗೆ ದ್ರೋಹ ಮಾಡಿದಂತೆ.

ಇಷ್ಟಾದರೂ ಒಂದು ಆಕ್ಷೇಪವು ಉಳಿಯುತ್ತದೆ. ತಂದೆಯು ಕುಡಿದು ಬಂದು ತಾಯಿಯನ್ನು ಹೊಡೆದುದನ್ನು ಮಗುವು ಕಣ್ಣಾರೆ ಕಂಡಿದ್ದರೆ? ಅಲ್ಲಿ "ಅಪ್ಪ ಒಳ್ಳೆಯವನು" ಎನ್ನುವುದು ಮಗುವಿನ ಕಣ್ಣನ್ನೇ ಸುಳ್ಳುಮಾಡಿದ ಹಾಗೆ. ಅದು ಕಂಡುದನ್ನು ಹೌದೆಂದು ಒಪ್ಪಬೇಕು. ಹೊಡೆಯುವುದು ತಪ್ಪೆಂದೂ ಹೇಳಬೇಕು. ಅದು ಕಾಣದುದನ್ನು ತೆಗೆದು ಕೂಡಿಸಬೇಕಾದುದಿಲ್ಲ. ಆ ಅಪ್ಪನ ಮೇಲೆ ಮಗುವಿಗೆ ಇನ್ನೂ ಅಕ್ಕರೆಯಿದ್ದರೆ, ಅದಕ್ಕಾಗಿ ಅದನ್ನು ಗದರಿಸಲೂ ಬಾರದು. ತಾಯಿಗೆ ಇದು ಎಲ್ಲಕ್ಕಿಂತ ಕಷ್ಟವಾದ ಕೆಲಸ. ತವರಿನ ಹಿರಿಯರು ಆಕೆಗೆ ನೆರವಾಗುವುದಾದರೆ ಇಲ್ಲಿಯೇ ಆಗಬೇಕು.