ತಾಯಂದಿರೇ, ವೈದ್ಯರಿಗೆ ಎಲ್ಲವನ್ನೂ ಹೇಳಿ



ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯೊಬ್ಬಳು ಬರುತ್ತಾಳೆ. ಹಲವು ವೈದ್ಯರ ಬಳಿ ಅಲೆದು ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡವಳು. ಜನಸಂದಣಿಯಲ್ಲಿ ಯಾರಿಗೂ ಕಾಣದಂತೆ ಹಿಂದಿನಿಂದ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟುತ್ತಾಳೆ. ಬಳಿಕ ನಡುಗುತ್ತ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳುತ್ತಾಳೆ. ಸ್ವಾಮಿ ಗದರಲಿಲ್ಲ, ಮಗಳೇ ಎಂದು ಕರೆದರು.

ನಮ್ಮ ಧರ್ಮಕೇಂದ್ರಗಳಲ್ಲಿ ಗರ್ಭನಿರೋಧಕ ಮಾತ್ರೆಯ ಮಾತೆತ್ತಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಧರ್ಮಸಭೆಯ ಬೋಧನೆ ನಿಮಗೆ ಗೊತ್ತಿದೆ. ಜಗದ್ಗುರು ಆರನೇ ಪೌಲರು 1968ರಲ್ಲಿ ಬರೆದ 'ಹ್ಯುಮಾನೆ ವೀಟೆ' ಎಂಬ ವಿಶ್ವಪತ್ರ ಅದನ್ನು ಸ್ಪಷ್ಟವಾಗಿ ಹೇಳಿದೆ. ನಾನು ಅದನ್ನು ಸಡಿಲಿಸುವವನಲ್ಲ. ಆದರೆ ಅದೇ ಪತ್ರದ 15ನೆಯ ಪರಿಚ್ಛೇದವನ್ನು ಓದಿದವರು ಕಡಿಮೆ. ರೋಗ ಗುಣಪಡಿಸಲು ಬೇಕಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ತಡೆಯಾದರೂ, ಆ ತಡೆಯೇ ಉದ್ದೇಶವಲ್ಲದಿದ್ದರೆ, ಆ ಚಿಕಿತ್ಸೆ ನಿಷಿದ್ಧವಲ್ಲ. ಮುಟ್ಟಿನ ಅತಿಸ್ರಾವಕ್ಕೆ, ಪಿ.ಸಿ.ಓ.ಎಸ್. ತೊಂದರೆಗೆ ವೈದ್ಯರು ಇದೇ ಮಾತ್ರೆ ಬರೆದುಕೊಡುವುದುಂಟು. ಅದನ್ನು ನುಂಗುವ ಹೆಣ್ಣುಮಗಳು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಬೇರೆ ಕಾರಣಕ್ಕೆ ನುಂಗುತ್ತಿರುವವರೂ ನಮ್ಮ ನಡುವೆ ಇದ್ದಾರೆ. ಆ ಮಾತು ಅವರಿಗೂ ದೇವರಿಗೂ ಗುರುಗಳಿಗೂ ಸೇರಿದ್ದು. ಆದರೆ ನಾಚಿಕೆಯಿಂದ ವೈದ್ಯರಿಗೂ ಹೇಳದೆ, ದೂರದ ಔಷಧದಂಗಡಿಯಿಂದ ತರಿಸಿ, ಅಡುಗೆಮನೆಯ ಡಬ್ಬದಲ್ಲಿ ಬಚ್ಚಿಟ್ಟು ನುಂಗುವುದು ಪ್ರಾಣಕ್ಕೇ ಅಪಾಯ.

ಹೆದರಿಸಿ ಉಪದೇಶ ಮಾಡುವುದು ನನಗೆ ಹಿಡಿಸುವುದಿಲ್ಲ. ಲೆಕ್ಕವನ್ನು ಇದ್ದ ಹಾಗೆಯೇ ಹೇಳುತ್ತೇನೆ. ಈಸ್ಟ್ರೋಜನ್ ಇರುವ ಮಾತ್ರೆಯಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಪ್ರಕಾರ ಮಾತ್ರೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ, ನುಂಗುವವರಲ್ಲಿ 3ರಿಂದ 9 ಮಂದಿಗೆ ಹೀಗಾಗುತ್ತದೆ. ಗರ್ಭಿಣಿಯರಲ್ಲಿ ಇದು 5ರಿಂದ 20. ಅಂದರೆ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಆದರೆ 35 ದಾಟಿ ಧೂಮಪಾನ ಮಾಡುವವರು, ರಕ್ತದೊತ್ತಡ ಇರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಕಣ್ಣ ಮುಂದೆ ಮಿಂಚು ಕಂಡು ಅರೆತಲೆನೋವು ಬರುವವರು, ಹೊಸ ಬಾಣಂತಿಯರು, ಇವರಿಗೆ ಆ ಮಾತ್ರೆ ತಕ್ಕದ್ದಲ್ಲ. ಅಂಗಡಿಯ ಹುಡುಗ ಇದನ್ನೆಲ್ಲ ಕೇಳುತ್ತಾನೆಯೇ? ಒಂದು ಕಾಲಿನ ಮೀನಖಂಡ ಊದಿ ನೋವು, ಏಕಾಏಕಿ ಉಸಿರುಕಟ್ಟುವುದು, ಎದೆನೋವು, ಹಿಂದೆಂದೂ ಬಾರದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಮೊದಲು ಹೇಳಬೇಕಾದ ಮಾತು, ನಾನು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂಬುದು. ರೋಗಕ್ಕೆಂದು ಕೊಟ್ಟ ಮಾತ್ರೆಯನ್ನು ಇದನ್ನು ಓದಿ ಹೆದರಿ ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

(ಗಂಡಸರು ಇದು ಹೆಂಗಸರ ಪುಟವೆಂದು ಮಗುಚಿ ಹಾಕಬೇಡಿ. ನಿಮ್ಮ ಹೆಂಡತಿ ಏನು ನುಂಗುತ್ತಿದ್ದಾಳೆಂದು ನಿಮಗೆ ತಿಳಿದಿದೆಯೇ? ನಿಮ್ಮ ಒತ್ತಾಯಕ್ಕೇ ನುಂಗುತ್ತಿರಬಹುದು.)

ಮಾತ್ರೆ ಮಾರುವವರಿಗೂ ಸತ್ಯ ಹೇಳುವ ಹೊಣೆ ಇದೆ. ಅಮೆರಿಕದಲ್ಲಿ ಬೇಯರ್ ಕಂಪನಿ ಯಾಸ್ ಎಂಬ ಮಾತ್ರೆಯ ಗುಣವನ್ನು ಟಿ.ವಿ. ಜಾಹೀರಾತಿನಲ್ಲಿ ಉಬ್ಬಿಸಿ ಹೇಳಿತೆಂದು 2008ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಸಿತು. ಮರುವರ್ಷ ಕಂಪನಿ ತಿದ್ದುಪಡಿಯ ಜಾಹೀರಾತು ಕೊಡಬೇಕಾಯಿತು. ಆ ಬಗೆಯ ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇನ್ನೂ ಹೆಚ್ಚಿರಬಹುದೆಂಬ ಎಚ್ಚರಿಕೆ 2012ರಲ್ಲಿ ಸೇರಿತು. ಸಾವಿರಾರು ಹೆಂಗಸರು ದಾವೆ ಹೂಡಿದರು. ಕಂಪನಿ ತಪ್ಪೊಪ್ಪಿಕೊಳ್ಳದೆಯೇ ನೂರು ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಕೊಟ್ಟು ರಾಜಿಯಾಯಿತು.

ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ದೋಷವುಳ್ಳ ಔಷಧಕ್ಕೆ, ಎಚ್ಚರಿಕೆ ಮುದ್ರಿಸದ ಔಷಧಕ್ಕೆ ತಯಾರಕರು ಹೊಣೆ. ಹಣ ಪಡೆದು ನೋಡಿದ ವೈದ್ಯರ ನಿರ್ಲಕ್ಷ್ಯವನ್ನೂ ಜಿಲ್ಲಾ ಗ್ರಾಹಕ ಆಯೋಗದ ಮುಂದಿಡಬಹುದು. ಆದರೆ ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿಯ ತಪ್ಪಿಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಚೀಟಿಯಲ್ಲಿ ಎಚ್ಚರಿಕೆ ಅಚ್ಚಾಗಿದ್ದರೆ ಕಂಪನಿಯ ಮೇಲೆ ಗೆಲ್ಲುವುದು ಕಷ್ಟ. ನೀವೇ ವೈದ್ಯರಿಂದ ಸಂಗತಿ ಮುಚ್ಚಿಟ್ಟಿದ್ದರೆ ವೈದ್ಯರ ಮೇಲೆ ಗೆಲ್ಲುವುದು ಅದಕ್ಕಿಂತ ಕಷ್ಟ.

ಬಿಲ್ಲು, ವೈದ್ಯರ ಚೀಟಿ, ಮಾತ್ರೆಯ ಖಾಲಿ ಹಾಳೆ, ಇವನ್ನು ಎಸೆಯಬೇಡಿ. ದೂರಿಗೆ ಎರಡು ವರ್ಷ ಗಡುವು, ವಕೀಲರಿಲ್ಲದೆಯೂ ಕೊಡಬಹುದು. ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ. 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ.