ಹಲಗೆಯಡಿಯ ಹಿಡಿತ

ಕೊತ್ತತ್ತಿಯ ಕಬ್ಬಿನ ಗದ್ದೆಗಳ ನಡುವೆ ಕಡಲಿನ ಮಾತೇಕೆ ಎನ್ನಬೇಡಿ. ನನ್ನ ಅಣ್ಣನ ಮಗಳು ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತಳು. ಹಲಗೆಯ ಹಿಂತುದಿಯಡಿ ಮೀನಿನ ರೆಕ್ಕೆಯಂಥ ‘ಫಿನ್’ ಇರುತ್ತದೆ. ಅದಿಲ್ಲದಿದ್ದರೆ ಹಲಗೆ ನಮ್ಮ ಕಾವೇರಿಯ ಹರಿಗೋಲಿನಂತೆ ದಿಕ್ಕುಗೆಟ್ಟು ಜಾರುತ್ತದೆ. 1935ರಲ್ಲಿ ಟಾಮ್ ಬ್ಲೇಕ್ ಒಂದನ್ನು ಜೋಡಿಸಿದ. 1980ರಲ್ಲಿ ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ ಮೂರನ್ನು. ದೊಡ್ಡದಾದರೆ ಹಿಡಿತ ಹೆಚ್ಚು, ತಿರುಗುವುದು ಕಷ್ಟ. ಚಿಕ್ಕದಾದರೆ ತಿರುವು ಸಲೀಸು, ಜಾರುವ ಭಯ. ನಿಲ್ಲುವವರ ತೂಕ ನೋಡಿ ಅಳತೆ ಆರಿಸುತ್ತಾರೆ.

“ದೊಡ್ಡದನ್ನೇ ಹಾಕಿಸ್ಕೊ ಕಣವ್ವಾ” ಎಂದಿದ್ದರು ಅತ್ತಿಗೆ. ಹೊಸದಾಗಿ ಕಲಿಯುವವಳಿಗೆ ಅದು ಸರಿಯೇ. ಎರಡು ವರ್ಷದ ಮೇಲೂ ಅದೇ ಮಾತೆಂದರೆ, ಆ ಅಳತೆ ಮಗಳ ತೂಕದ್ದೋ, ತಾಯಿಯ ಭಯದ್ದೋ? ಭಯಪಡುವ ಹಕ್ಕು ತಾಯಿಗುಂಟು. ಅದನ್ನು ಮಗಳ ಕಾಲಡಿ ಕಟ್ಟುವ ಹಕ್ಕು? ಚಿಕ್ಕದನ್ನು ಕೊಳ್ಳಲು ಅವಳು ದುಡ್ಡು ಕೇಳಿದ್ದಾಳೆ. ಅತ್ತಿಗೆ ಇನ್ನೂ ಕಳಿಸಿಲ್ಲ.