ಬಣ್ಣದ ಹಿಂದಿನ ಬೆಸುಗೆ

ಒಡೆದದ್ದನ್ನು ಕೂಡಿಸಿ, ಮೇಲೆ ಹೊಸ ಬಣ್ಣ ಬಳಿದು, ಏನೂ ಆಗಿಲ್ಲವೆಂಬಂತೆ ನಿಲ್ಲಿಸುವುದು ಸತ್ಯದ ಕೆಲಸವೋ ಸುಳ್ಳಿನ ಕೆಲಸವೋ? ಈ ಪ್ರಶ್ನೆ ಗುಡಿಯ ಮೂರ್ತಿಗೂ ಗುಹೆಯ ಚಿತ್ರಕ್ಕೂ ಸಲ್ಲುತ್ತದೆ. ಆದರೂ ಮೊದಲು ಅದನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ನೋಡುವುದು ಒಳ್ಳೆಯದು. ಅಲ್ಲಿ ಭಕ್ತಿಯಾಗಲಿ ಕಲೆಯ ಮೇಲಿನ ಗೌರವವಾಗಲಿ ನಮ್ಮ ಕಣ್ಣಿಗೆ ಅಡ್ಡ ಬರುವುದಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಅದಕ್ಕೆ 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್. ತುಕ್ಕು ಹಿಡಿಯದ, ಹಗುರವಾದ ಮೈ ಅದರ ಹೆಮ್ಮೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಅದರ ಪೈಪೋಟಿಯಲ್ಲಿ ನಿಲ್ಲಲಿಲ್ಲ. ಇಂದು ಡಾಲ್ಫಿನ್ನಿನ ಬಾನೆಟ್ ಬಿರುಕು ಬಿಟ್ಟರೆ ಅಂಗಡಿಗೆ ಹೋಗಿ ಹೊಸದನ್ನು ಕೇಳುವಂತಿಲ್ಲ. ಇಟ್ಟುಕೊಂಡವರು ಮನೆಯಂಗಳದಲ್ಲೇ ಅದನ್ನು ಕೂಡಿಸಬೇಕು, ಅಲ್ಲಿಯೇ ಬಣ್ಣ ಹಾಕಬೇಕು. ಹೀಗೆ ಕೂಡಿಸಿದ ಬಾನೆಟ್ ಹಳೆಯದೇ ಹೌದು, ಅದರ ಹೊಸ ಬಣ್ಣ ಸುಳ್ಳಲ್ಲ ಎಂಬುದು ನನ್ನ ವಾದ. ಅದಕ್ಕೊಂದು ಷರತ್ತಿದೆ: ಮೇಲ್ಮೈ ಏನನ್ನು ಹೇಳುತ್ತದೋ ಅದನ್ನು ಒಳಮೈ ನಡೆಸಿಕೊಡಬೇಕು.

ಕೆಲಸವನ್ನೇ ಹತ್ತಿರದಿಂದ ನೋಡೋಣ. ತಗಡಿನ ಬಾನೆಟ್ ನೆಗ್ಗಿದರೆ ಟಿಂಕರಿಂಗ್‌ನವರು ಒಳಗಿನಿಂದ ತಟ್ಟಿ ಎಬ್ಬಿಸುತ್ತಾರೆ. ಫೈಬರ್ ನೆಗ್ಗುವುದಿಲ್ಲ, ಸೀಳುತ್ತದೆ. ಒಳಗಿನ ಗಾಜಿನ ಎಳೆಗಳು ತುಂಡಾಗುತ್ತವೆ, ಅವನ್ನು ಹಿಡಿದಿದ್ದ ರೆಸಿನ್ ಬಿರಿಯುತ್ತದೆ. ಮೇಲೆ ಕಾಣುವುದು ಜೇಡರ ಬಲೆಯಂಥ ಸಣ್ಣ ಗೆರೆ, ಆದರೆ ಬೆರಳಿನಿಂದ ತಟ್ಟುತ್ತಾ ಹೋದರೆ ಸದ್ದು ಮಂಕಾಗುವ ಜಾಗ ಆ ಗೆರೆಯನ್ನು ಮೀರಿ ಹರಡಿರುತ್ತದೆ. ಮೊದಲು ಮೇಣ, ಜಿಡ್ಡು ತೊಳೆಯಬೇಕು. ಆಮೇಲೆ ಮಾಡುವುದು ವಿಚಿತ್ರವೆನಿಸುವ ಕೆಲಸ: ಗಾಯವನ್ನು ಮುಚ್ಚುವ ಬದಲು ದೊಡ್ಡದು ಮಾಡಬೇಕು. ಗಟ್ಟಿಯಾದ ಹಳೆಯ ರೆಸಿನ್ ಹೊಸ ರೆಸಿನ್ನಿನೊಡನೆ ತಾನಾಗಿ ಬೆರೆಯುವುದಿಲ್ಲ. ನುಣುಪಾದ ಮೈಗೆ ಹೊಸತು ಅಂಟದು, ಗೀರಿ ಒರಟಾದ ಮೈಯನ್ನು ಮಾತ್ರ ಕಚ್ಚಿ ಹಿಡಿಯುತ್ತದೆ. ಹಾಗಾಗಿ ಬಿರುಕಿನ ಎರಡೂ ಬದಿಗೆ ದಪ್ಪದ ಹತ್ತು ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜುತ್ತಾರೆ. ಮೂರು ಮಿಲಿಮೀಟರ್ ದಪ್ಪವಿದ್ದರೆ ಒಂದೊಂದು ಬದಿಗೂ ಮೂರೂವರೆ ಸೆಂಟಿಮೀಟರಿನಷ್ಟು. ಹಿಂಬದಿಯಿಂದ ಮೊದಲು ಆಧಾರ ಕೊಟ್ಟು, ನೂರಕ್ಕೆ ಒಂದೆರಡು ಪಾಲು ಹಾರ್ಡನರ್ ಬೆರೆಸಿದ ರೆಸಿನ್ನಿನಲ್ಲಿ ಗಾಜಿನ ಮ್ಯಾಟ್ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ ಒತ್ತಿ ಪದರದ ಮೇಲೆ ಪದರ ಕೂರಿಸುತ್ತಾರೆ. ಪುಟ್ಟಿ, ಪ್ರೈಮರ್, ವಾಟರ್ ಪೇಪರ್, ಬಣ್ಣ ಎಲ್ಲವೂ ಆಮೇಲಿನ ಮಾತು.

ಈ ಕ್ರಮ ತಪ್ಪಿಸಿದವರಿಗೆ ಆಗುವುದೇ ನನ್ನ ವಾದದ ಮೊದಲ ಸಾಕ್ಷಿ. ಜೇಡರ ಬಲೆಯ ಗೆರೆಗಳ ಮೇಲೆ ನೇರವಾಗಿ ಪುಟ್ಟಿ ತುಂಬಿ ಬಣ್ಣ ಹೊಡೆದರೆ, ಎಂಜಿನ್ನಿನ ಕಾವಿಗೂ ರಸ್ತೆಯ ಅದುರಿಗೂ ಅವೇ ಗೆರೆಗಳು ಅದೇ ಜಾಗದಲ್ಲಿ ಮತ್ತೆ ಮೂಡುತ್ತವೆ. ರೆಸಿನ್ ಪೂರ್ತಿ ಒಣಗುವ ಮುಂಚೆ ಅವಸರಪಟ್ಟರೆ ಅದು ಮುಂದೆ ಕುಗ್ಗುತ್ತಾ ಹೋಗಿ, ಒಳಗಿನ ಮ್ಯಾಟಿನ ಎಳೆಗಳ ಅಚ್ಚು ಹೊಳೆಯುವ ಬಣ್ಣದಲ್ಲಿ ಎದ್ದು ಕಾಣುತ್ತದೆ. ಎಂದರೆ ಬಣ್ಣಕ್ಕೆ ಸುಳ್ಳು ಹೇಳುವ ಶಕ್ತಿ ನಾವು ಅಂದುಕೊಂಡಷ್ಟಿಲ್ಲ. ಒಳಗೆ ಎಳೆಗೆ ಎಳೆ ಕೂಡಿದ್ದರೆ ಬಣ್ಣ ನಿಲ್ಲುತ್ತದೆ, ಕೂಡದಿದ್ದರೆ ಅದೇ ಬಣ್ಣ ದೂರು ಹೇಳುತ್ತದೆ. ಹೊರಗಿನದೆಲ್ಲ ಸೋಗು, ಒಳಗಿನದೊಂದೇ ನಿಜ ಎಂದು ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಒಳ್ಳೆಯ ದುರಸ್ತಿ ಆ ಮಾತನ್ನು ಒಪ್ಪುವುದಿಲ್ಲ. ಅಲ್ಲಿ ಹೊರಗು ಒಳಗಿನ ಕೆಲಸದ ಕೊನೆಯ ಹಂತವೇ ಹೊರತು ಅದರ ವೈರಿಯಲ್ಲ. ಬಿಸಿಲು, ನೀರು ಎಳೆಗಳಿಗೆ ತಾಗದಂತೆ ಕಾಯುವುದೂ ಬಣ್ಣವೇ.

ಸರಿ, ಆದರೆ ಅದು ಅದೇ ಬಾನೆಟ್ಟೇ? ದಕ್ಷಿಣದ ಜೈನ ಪರಂಪರೆ ಗೌರವದಿಂದ ನೆನೆಯುವ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಇಂಥ ಪ್ರಶ್ನೆಗೆ ಚಿನ್ನದ ದೃಷ್ಟಾಂತ ಕೊಟ್ಟಿದ್ದಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಬರೀ ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇವೆ ಎಂಬುದು ಅದರ ತಾತ್ಪರ್ಯ. ದುರಸ್ತಿಯಾದ ಬಾನೆಟ್ಟಿಗೂ ಇದು ಸಲ್ಲುತ್ತದೆ: ತುಂಡಾದ ಎಳೆ ಅಳಿಯಿತು, ಹೊಸ ಪದರ ಹುಟ್ಟಿತು, ಎಂಜಿನ್ನನ್ನು ಮುಚ್ಚಿ ಕಾಯುವ ಆಕಾರ ಉಳಿಯಿತು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಚಿನ್ನವನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಪಾಲಿಯೆಸ್ಟರ್ ರೆಸಿನ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಕಾಯಿಸಿದರೆ ಸುಡುತ್ತದೆ, ದ್ರವವಾಗುವುದಿಲ್ಲ. ಇಲ್ಲಿ ದ್ರವ್ಯವನ್ನೂ ಆಕಾರವನ್ನೂ ಬೇರೆ ಮಾಡಲು ಬರುವುದಿಲ್ಲ. ಆಕಾರ ಹೋದರೆ ಉಳಿಯುವುದು ಮಣ್ಣಿನಲ್ಲಿ ಕೊಳೆಯದ ಕಸ. ಚಿನ್ನದ ವಿಷಯದಲ್ಲಿ ನಿರ್ಲಿಪ್ತನಾಗಿ ಇರಬಲ್ಲ ಮೂರನೆಯವನಿಗೆ ಫೈಬರಿನ ವಿಷಯದಲ್ಲಿ ಜಾಗವೇ ಇಲ್ಲ. ಬೇರೇನೂ ಆಗಲಾರದ ವಸ್ತುವನ್ನು ನಾವು ಮಾಡಿದ್ದೇವೆ, ಆದ್ದರಿಂದ ಅದು ಆಗಿರುವುದನ್ನೇ ಉಳಿಸಿಕೊಳ್ಳುವ ಹೊಣೆ ನಮ್ಮದು. ಹೊಸದು ಅಗ್ಗವಾಗಿ ಸಿಗುವಾಗಲೂ ಈ ಹೊಣೆ ತಪ್ಪುವುದಿಲ್ಲ.

ಇದಕ್ಕೆ ಬೌದ್ಧರ ಕಡೆಯಿಂದ ಆಕ್ಷೇಪ ಬರಬಹುದು. ಮಿಲಿಂದ ಪ್ರಶ್ನೆ ಎಂಬ ಗ್ರಂಥದಲ್ಲಿ ನಾಗಸೇನನೆಂಬ ಭಿಕ್ಷು ಮಿಲಿಂದ ದೊರೆಯ ರಥವನ್ನೇ ಹಿಡಿದು ಕೇಳುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲವಾದರೆ ರಥವೆಂಬುದು ಬರೀ ಹೆಸರು. ಎಲ್ಲವೂ ಕ್ಷಣಿಕವಾಗಿರುವಾಗ ಹೆಸರೊಂದನ್ನು ರಿಪೇರಿ ಮಾಡುತ್ತಾ ಕೂರುವುದು ಮೋಹವಲ್ಲವೇ? ಆದರೆ ನಾಗಸೇನ ರಥವೇ ಇಲ್ಲವೆಂದು ಹೇಳಿದವನಲ್ಲ. ಭಾಗಗಳು ಕೂಡಿ ನಿಂತಾಗ ಆ ಕೂಡುವಿಕೆಗೆ ರಥವೆಂಬ ವ್ಯವಹಾರ ಎಂದ. ದುರಸ್ತಿ ಕಾಪಾಡುವುದೂ ಆ ಕೂಡುವಿಕೆಯನ್ನೇ. ಶಾಶ್ವತವಾದ ಏನೋ ಒಂದು ಬಾನೆಟ್ಟಿನೊಳಗೆ ಕೂತಿದ್ದರೆ ನಾವು ಕೈ ಹಾಕುವ ಅಗತ್ಯವೇ ಇರಲಿಲ್ಲ. ಬೌದ್ಧರ ನಡೆಯೂ ಇದಕ್ಕೆ ಸಾಕ್ಷಿ. ಛತ್ರಪತಿ ಸಂಭಾಜಿನಗರದಿಂದ ಸಿಲ್ಲೋಡ್ ಹಾದು ಹೋಗುವ ದಾರಿಯಲ್ಲಿ ಸಿಗುವ ಅಜಂತಾ ಊರಿನಾಚೆ, ವಾಘೂರ್ ನದಿಯ ಕಣಿವೆಯಲ್ಲಿರುವ 26ನೇ ಗುಹೆಯನ್ನು ಮಾಡಿಸಿದವನು ಬುದ್ಧಭದ್ರನೆಂಬ ಭಿಕ್ಷು. ಲೋಕದಲ್ಲಿ ಹೆಸರು ನೆನಪಿರುವಷ್ಟು ಕಾಲ ಮನುಷ್ಯ ಸ್ವರ್ಗದಲ್ಲಿ ನಲಿಯುತ್ತಾನೆ, ಆದ್ದರಿಂದ ಸೂರ್ಯಚಂದ್ರರಿರುವ ತನಕ ಬಾಳುವಂಥ ನೆನಪನ್ನು ಬೆಟ್ಟದಲ್ಲಿ ಕಟ್ಟಬೇಕು ಎಂಬ ಅರ್ಥದ ಶಾಸನ ಅಲ್ಲಿದೆ. ಅನಿತ್ಯವನ್ನು ಬಲ್ಲವನೇ ಬಾಳಿಕೆಗೆ ಕಲ್ಲು ಕೊರೆಸಿದ. ಅನಿತ್ಯವೆಂಬ ಅರಿವು ಕೈ ಚೆಲ್ಲಲು ನೆಪವಲ್ಲ, ಕೈ ಹಾಕಲು ಕಾರಣ.

ಆಗಮಗಳನ್ನು ನಂಬುವವರು ಇನ್ನೊಂದು ಮಾತು ಎತ್ತಬಹುದು: ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ಅದನ್ನು ನೀರಿಗೆ ಬಿಡಬೇಕು ಎನ್ನುವಾಗ ಒಡೆದದ್ದನ್ನು ಉಳಿಸಿಕೊಳ್ಳುವುದಕ್ಕೆ ಧರ್ಮದ ಬೆಂಬಲ ಎಲ್ಲಿದೆ? ಬೆಂಬಲ ಜೀರ್ಣೋದ್ಧಾರದ ವಿಧಿಯಲ್ಲೇ ಇದೆ. ಸಣ್ಣ ಊನಕ್ಕೆ ಸಂಧಾನ, ಮುಖ್ಯ ಅಂಗ ಹೋದರೆ ಮಾತ್ರ ವಿಸರ್ಜನೆ ಎಂಬ ವಿವೇಕ ಅಲ್ಲಿದೆ. ಕೆಲಸ ನಡೆಯುವಷ್ಟು ದಿನ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ತಂದು ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇರಿಸಿ, ಮುಗಿದ ಮೇಲೆ ಮರಳಿ ಪ್ರತಿಷ್ಠೆ ಮಾಡುತ್ತಾರೆ. ದಕ್ಷಿಣ ಕನ್ನಡ, ಕಾಸರಗೋಡಿನ ದೇವಸ್ಥಾನಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ ನಡೆಸುವ ರೂಢಿಯಿದೆ. ಮೂರ್ತಿಯನ್ನು ಪೀಠಕ್ಕೆ ಹಿಡಿದಿಡುವ ಅಷ್ಟಬಂಧ ಸಡಿಲವಾದರೆ ಆಗ ಅದನ್ನು ಕಿತ್ತು, ಅರಗು, ರಾಳ, ಜೇನುಮೇಣ, ಬೆಣ್ಣೆ ಮುಂತಾದವನ್ನು ಕುಟ್ಟಿ ಹದಮಾಡಿ ಹೊಸದಾಗಿ ತುಂಬುತ್ತಾರೆ. ಅಂಟು ಹೊಸತಾಯಿತೆಂದು ದೇವರು ಬೇರೆಯಾದರೆಂದು ಯಾರೂ ಹೇಳುವುದಿಲ್ಲ. ಸಡಿಲವಾದ ಅಂಟನ್ನು ಮುಟ್ಟದೆ ಹೊರಗೆ ಬೆಳ್ಳಿಯ ಕವಚ ತೊಡಿಸಿ ಸುಮ್ಮನಿದ್ದರೆ ಅದು ಲೋಪ. ಬಾನೆಟ್ಟಿನ ನಿಯಮವೂ ಗರ್ಭಗುಡಿಯ ನಿಯಮವೂ ಇಲ್ಲಿ ಒಂದೇ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅಜಂತದ ಗುಹೆಗಳ ಗೋಡೆಗಳಿಂದಲೇ ಬರುತ್ತದೆ. ಆ ಗೋಡೆಗಳ ಲೇಪನವೂ ಒಂದು ಬಗೆಯ ಫೈಬರೇ: ಮಣ್ಣಿಗೆ ಹೊಟ್ಟು, ಗಿಡದ ನಾರು ಬೆರೆಸಿ ಕಲ್ಲಿಗೆ ಮೆತ್ತಿ, ಸುಣ್ಣದ ತೆಳುವಾದ ಪದರ ಕೊಟ್ಟು, ಒಣಗಿದ ಮೇಲೆ ಚಿತ್ರ ಬರೆದದ್ದು. ಅದು ಉದುರುತ್ತಿದ್ದಾಗ, ಬೀದರ್, ಕಲಬುರಗಿ, ರಾಯಚೂರುಗಳನ್ನೂ ಆಳುತ್ತಿದ್ದ ನಿಜಾಮರ ಸರ್ಕಾರ 1920ರಲ್ಲಿ ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬ ತಜ್ಞರನ್ನು ಕರೆಸಿತು. ಸಡಿಲವಾದ ಲೇಪನವನ್ನು ಅವರು ಬಿಗಿಮಾಡಿದ್ದು ಉಪಕಾರವೇ ಆಯಿತು. ಚಿತ್ರಗಳ ಮೇಲೆ ಬಳಿದ ಅರಗಿನ ವಾರ್ನಿಷ್ ಮಾತ್ರ ಕಾಲಕ್ರಮೇಣ ಹಳದಿಗಟ್ಟಿ ಬಣ್ಣಗಳನ್ನು ಮಸುಕು ಮಾಡಿತು. ಮುಂದೆ ಭಾರತೀಯ ಪುರಾತತ್ವ ಇಲಾಖೆಯ ರಸಾಯನತಜ್ಞರು ಅದನ್ನು ತೆಗೆಯಲು ವರ್ಷಗಟ್ಟಲೆ ದುಡಿಯಬೇಕಾಯಿತು. ಇಂದು ಯಾರಾದರೂ ಅಲ್ಲಿನ ಪದ್ಮಪಾಣಿ ಚಿತ್ರದ ಅಳಿದ ಭಾಗವನ್ನು ಹೊಸ ಬಣ್ಣದಿಂದ ತುಂಬಲು ಹೊರಟರೆ ನಾವೆಲ್ಲ ತಡೆಯುತ್ತೇವೆ. ಬಾನೆಟ್ಟಿಗೆ ಪುಣ್ಯವಾದದ್ದು ಗೋಡೆಗೆ ಪಾಪ ಹೇಗಾಯಿತು?

ಎರಡರ ಧರ್ಮವೂ ಬೇರೆ ಎಂಬುದೇ ಉತ್ತರ. ಬಾನೆಟ್ಟಿನ ಧರ್ಮ ಸೇವೆ. ಅದನ್ನು ಯಾರ ಕೈ ಮಾಡಿತೆಂಬುದು ಮುಖ್ಯವಲ್ಲ, ಅದು ಗಾಳಿಗೆ ಹಾರದೆ, ಕಾವಿಗೆ ಬಿರಿಯದೆ ತನ್ನ ಕೆಲಸ ಮಾಡುತ್ತದೆಯೇ ಎಂಬುದು ಮುಖ್ಯ. ಚಿತ್ರದ ಧರ್ಮ ಸಾಕ್ಷಿ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಒಂದು ಕೈ ಹೀಗೆ ಗೆರೆ ಎಳೆಯಿತು ಎಂದು ಅದು ಹೇಳುತ್ತಿದೆ. ಅಲ್ಲಿ ಇಂದಿನ ಕೈ ಗೆರೆ ಎಳೆದರೆ ಸಾಕ್ಷಿಯ ಬಾಯಿಗೆ ನಮ್ಮ ಮಾತು ತುರುಕಿದಂತೆ. ಚಿತ್ರದ ನಕಲು ಆ ಸಾಕ್ಷಿಯ ಜಾಗ ತುಂಬುವುದೂ ಇಲ್ಲ. ರಾಬರ್ಟ್ ಗಿಲ್ ಎಂಬ ಚಿತ್ರಕಾರ ಅಜಂತದಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬೆಂಕಿಗೆ ಆಹುತಿಯಾದವು. ನಷ್ಟ ದೊಡ್ಡದೇ, ಆದರೂ ಸಾಕ್ಷಿ ಅಳಿಯಲಿಲ್ಲ, ಅದು ಗೋಡೆಯ ಮೇಲಿತ್ತು. ಹಾಗೆಂದು ಗೋಡೆಗೆ ದುರಸ್ತಿಯೇ ಬೇಡವೆಂದಲ್ಲ. ಲೇಪನ ಕಳಚದಂತೆ ಹಿಂದಿನಿಂದ ಹಿಡಿದಿಡುವುದು ಅಲ್ಲಿಯೂ ಕರ್ತವ್ಯ. ಅಳಿದ ಚಿತ್ರವನ್ನು ಖಾಲಿಯಾಗಿಯೇ ಬಿಡುವುದು ಅಷ್ಟೇ ಮುಖ್ಯವಾದ ಕರ್ತವ್ಯ. ಬಾನೆಟ್ಟಿನಲ್ಲಾಗಲಿ ಗೋಡೆಯಲ್ಲಾಗಲಿ ಹಿಂಬದಿಯ ಬೆಸುಗೆ ಕಡ್ಡಾಯ. ಮುಂಬದಿಯ ಬಣ್ಣ ಮಾತ್ರ ವಸ್ತುವಿನ ಧರ್ಮವನ್ನು ಕೇಳಿ ನಿರ್ಧಾರವಾಗಬೇಕು.

ಕಷ್ಟವಿರುವುದು ಎರಡೂ ಧರ್ಮ ಒಂದೇ ಮೈಯಲ್ಲಿ ಇರುವಾಗ. ಡಾಲ್ಫಿನ್ ಈಗ ಅಂಥ ಜಾಗಕ್ಕೆ ಬಂದಿದೆ. ಅದು ರಸ್ತೆಯ ಮೇಲೆ ಓಡುವ ಕಾರೂ ಹೌದು, ಬೆಂಗಳೂರಿನ ಒಂದು ಕಾರ್ಖಾನೆ ಫೈಬರ್ ಮೈಯ ಕಾರು ಮಾಡುವ ಧೈರ್ಯ ತೋರಿದ ಕಾಲದ ದಾಖಲೆಯೂ ಹೌದು. ಓಡುವಷ್ಟು ದಿನ ಸೇವೆಯ ಧರ್ಮವೇ ಮೇಲು. ಬಿರುಕು ಬಿಟ್ಟ ಬಾನೆಟ್ ವೇಗದಲ್ಲಿ ಸೀಳಿ ಎದ್ದು ಎದುರಿನ ಗಾಜಿಗೆ ಬಡಿದರೆ ಜೀವಕ್ಕೆ ಅಪಾಯ, ದಾಖಲೆ ಜೀವಕ್ಕಿಂತ ದೊಡ್ಡದಲ್ಲ. ಆದರೂ ಕಾರ್ಖಾನೆಯ ಮೂಲ ಬಣ್ಣ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಉಜ್ಜದೆ ಬಿಡಬಹುದು. ಒಳಬದಿಯ ಹೊಸ ಪದರವನ್ನು ಬಣ್ಣದಿಂದ ಮರೆಮಾಡದೆ, ಬಾನೆಟ್ ಎತ್ತಿದವರಿಗೆ ಕಾಣುವಂತೆ ಇಡಬಹುದು. ಹಾಗೆ ಮಾಡಿದರೆ ಮುಂಬದಿ ಸೇವೆ ಮಾಡುತ್ತದೆ, ಹಿಂಬದಿ ಸಾಕ್ಷಿ ಹೇಳುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟ. ಬಣ್ಣ ಸುಳ್ಳಲ್ಲ. ಒಳಗೆ ಕೂಡಿಸದೆ ಬಳಿದ ಬಣ್ಣ ಸುಳ್ಳು, ಕೂಡಿಸಿ ಬಳಿದ ಮೇಲೂ ಕೇಳಿದವರಿಗೆ ಹೇಳದಿದ್ದರೆ ಆ ಮೌನ ಸುಳ್ಳು. ಸತ್ಯವನ್ನು ಹೊರುವ ಭಾರವನ್ನು ವಸ್ತುವಿನ ಮೇಲೆ ಹೊರಿಸಿ ನಾವು ಜಾರಿಕೊಳ್ಳುವಂತಿಲ್ಲ. ಕಾರು ಕೈ ಬದಲಾಗುವ ದಿನ, ಎಲ್ಲಿ ಒಡೆದಿತ್ತು, ಯಾವ ವರ್ಷ ಕೂಡಿಸಿದ್ದು, ಎಷ್ಟು ಪದರ ಹಾಕಿದ್ದು ಎಂಬುದನ್ನು ಮಾರುವವರು ಬರೆದು ಕೊಟ್ಟರೆ ದುರಸ್ತಿ ಅಂದಿಗೆ ಪೂರ್ತಿಯಾಗುತ್ತದೆ. ಬೆಲೆ ಸ್ವಲ್ಪ ಇಳಿಯಬಹುದು. ಇಳಿದ ಆ ಹಣ ನಷ್ಟವಲ್ಲ, ನಮ್ಮ ಕೈಯ ಕೆಲಸವನ್ನು ನಾವೇ ನಂಬುತ್ತೇವೆ ಎಂದು ತೋರಿಸಲು ಕೊಟ್ಟ ಬೆಲೆ.